ಒಂದು ವರ್ಷದ ಉಪಾಧ್ಯಾಯ

1925ನೆಯ ಇಸವಿ, ಮೇ 5. ಅಮೆರಿಕದ ಟೆನೆಸೀ ರಾಜ್ಯದ ಡೇಟನ್ ಎಂಬ ಸಣ್ಣ ಊರಿನಲ್ಲಿ ಶಾಲೆ ಮುಗಿದು ಬೇಸಗೆಯ ರಜ ಬಂದಿತ್ತು. ಇಪ್ಪತ್ತನಾಲ್ಕು ವಯಸ್ಸಿನ ತರುಣ ಉಪಾಧ್ಯಾಯನೊಬ್ಬನು ಟೆನಿಸ್ ಆಡುತ್ತಿದ್ದನು. ಹುಡುಗನೊಬ್ಬನು ಬಂದು, ರಾಬಿನ್ಸನ್ನನ ಔಷಧದ ಅಂಗಡಿಯಲ್ಲಿ ಊರಿನ ನಾಲ್ಕಾರು ಜನ ಕಾದಿದ್ದಾರೆಂದೂ ಬಿಡುವಾದಾಗ ಬರಬೇಕೆಂದೂ ತಿಳಿಸಿದನು. ತರುಣನು ಕೈಯಲ್ಲಿದ್ದ ಆಟವನ್ನು ಮುಗಿಸಿ, ಬೆವರಿನಿಂದ ತೊಯ್ದ ಅಂಗಿಯಲ್ಲಿಯೇ ಅಲ್ಲಿಗೆ ಹೋದನು. ಅಂಗಡಿಯಲ್ಲಿ ನಡೆದುದು ಸ್ವಲ್ಪ ಹೊತ್ತಿನ ಮಾತು. ಅವರು ಒಂದು ಪ್ರಶ್ನೆ ಕೇಳಿದರು, ಆತನು ಒಪ್ಪಿಕೊಂಡನು, ಮತ್ತೆ ಟೆನಿಸ್ ಅಂಗಳಕ್ಕೆ ಹಿಂದಿರುಗಿದನು. ಎರಡು ತಿಂಗಳು ಕಳೆಯುವುದರೊಳಗೆ ಆತನ ಹೆಸರು ಭೂಮಂಡಲದ ಪತ್ರಿಕೆಗಳಲ್ಲೆಲ್ಲ ಅಚ್ಚಾಗಿತ್ತು.

ಆ ತರುಣನೇ ಜಾನ್ ಥಾಮಸ್ ಸ್ಕೋಪ್ಸ್. ಆತನು ಹೈಸ್ಕೂಲಿನಲ್ಲಿ ಪಾಠ ಹೇಳಿದುದು ಒಂದೇ ಒಂದು ವರ್ಷ. ಆಮೇಲೆ ನಲವತ್ತೈದು ವರ್ಷ ಬದುಕಿದನು. ನೆಲದಾಳದ ಎಣ್ಣೆ ಮತ್ತು ಅನಿಲವನ್ನು ಹುಡುಕುವ ಭೂಶಾಸ್ತ್ರಜ್ಞನಾಗಿ ಸಂಸಾರ ನಡೆಸಿದನು. ಆದರೆ ಲೋಕವು ಆತನನ್ನು ನೆನೆಯುವುದು ಉಪಾಧ್ಯಾಯನೆಂದೇ. ವಿಚಿತ್ರವೆಂದರೆ, ಯಾವ ಪಾಠವನ್ನು ಹೇಳಿದನೆಂದು ಆತನಿಗೆ ಶಿಕ್ಷೆಯಾಯಿತೋ ಆ ಪಾಠವನ್ನು ತಾನು ನಿಜವಾಗಿ ಹೇಳಿದ್ದೆನೇ ಎಂಬುದು ಆತನಿಗೇ ಖಚಿತವಿರಲಿಲ್ಲ. ಹಾಗಿದ್ದ ಮೇಲೆ ಆತನು ಮಾಡಿದುದೇನು, ಅದರ ಬೆಲೆಯೇನು ಎಂದು ವಿಚಾರ ಮಾಡುವುದು ವ್ಯರ್ಥವಾಗಲಾರದು.

ತಂದೆಯ ಮನೆ

ಸ್ಕೋಪ್ಸನು ಹುಟ್ಟಿದುದು 1900ನೆಯ ಇಸವಿ ಆಗಸ್ಟ್ 3ರಂದು, ಕೆಂಟಕಿ ರಾಜ್ಯದಲ್ಲಿ ಒಹಾಯೋ ನದಿಯ ದಂಡೆಯ ಮೇಲಿರುವ ಪಡೂಕ ಎಂಬ ಊರಿನಲ್ಲಿ. ಐವರು ಮಕ್ಕಳಲ್ಲಿ ಕೊನೆಯವನು, ಒಬ್ಬನೇ ಗಂಡುಮಗ. ತಂದೆ ಇಂಗ್ಲೆಂಡಿನಿಂದ ವಲಸೆ ಬಂದವನು. ರೈಲ್ವೆ ಕಾರ್ಖಾನೆಯಲ್ಲಿ ಯಂತ್ರದ ಕೆಲಸಗಾರ. ಕಾರ್ಮಿಕ ಸಂಘದಲ್ಲಿ ಅಚಲವಾದ ನಿಷ್ಠೆ, ಸಮಾಜವಾದದಲ್ಲಿ ನಂಬಿಕೆ, ಯಾರ ಮಾತನ್ನೂ ಕುರುಡಾಗಿ ಒಪ್ಪದ ಮನಸ್ಸು—ಇವು ಆತನ ಆಸ್ತಿ. ಮನೆಯಲ್ಲಿ ಹಣ ಹೆಚ್ಚಿರಲಿಲ್ಲ, ಪುಸ್ತಕಗಳಿದ್ದುವು, ವಾದವಿತ್ತು. ಮಗನು ತಂದೆಯಿಂದ ಪಡೆದ ಪಿತ್ರಾರ್ಜಿತವೆಂದರೆ ಇದೇ.

ಸಂಸಾರವು ಮುಂದೆ ಇಲಿನಾಯ್ ರಾಜ್ಯದ ಸೇಲಂ ಎಂಬ ಊರಿಗೆ ಬಂದಿತು. ಸೇಲಂ ಊರಿಗೆ ಒಂದು ಹೆಮ್ಮೆಯಿತ್ತು. ಡೆಮಾಕ್ರಟಿಕ್ ಪಕ್ಷದ ಪರವಾಗಿ ಮೂರು ಸಲ ಅಧ್ಯಕ್ಷ ಪದವಿಗೆ ಸ್ಪರ್ಧಿಸಿ, ಮೂರು ಸಲವೂ ಸೋತರೂ ರೈತಾಪಿ ಜನರ ಹೃದಯವನ್ನು ಗೆದ್ದಿದ್ದ ಮಹಾ ವಾಗ್ಮಿ ವಿಲಿಯಂ ಜೆನಿಂಗ್ಸ್ ಬ್ರಯನ್ ಹುಟ್ಟಿದ ಊರು ಅದು. 1919ರಲ್ಲಿ ಸ್ಕೋಪ್ಸನು ಹೈಸ್ಕೂಲು ಮುಗಿಸಿದಾಗ, ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಭಾಷಣ ಮಾಡಲು ಬಂದವನು ಬ್ರಯನ್ನನೇ. ಮುಂದಿನ ಸಾಲಿನಲ್ಲಿ ಕುಳಿತಿದ್ದ ಕೆಲವು ಹುಡುಗರು, ಭಾಷಣದ ನಡುವೆ ವಾಗ್ಮಿಯ ನಾಲಿಗೆಯಿಂದ ಹೊರಟ ಸಿಳ್ಳಿನಂತಹ ಒಂದು ಸದ್ದನ್ನು ಕೇಳಿ ನಗು ತಡೆಯಲಾರದೆ ಹೋದರು. ಅವರಲ್ಲಿ ಸ್ಕೋಪ್ಸನೂ ಒಬ್ಬನು. ಆರು ವರ್ಷಗಳ ತರುವಾಯ ಈ ಇಬ್ಬರೂ ನ್ಯಾಯಾಲಯದಲ್ಲಿ ಎದುರುಬದುರಾಗಿ ಕುಳಿತುಕೊಳ್ಳುವರೆಂದು ಅಂದು ಯಾರು ಊಹಿಸಬಲ್ಲವರಾಗಿದ್ದರು?

ಹೈಸ್ಕೂಲಿನ ನಂತರ ಸ್ಕೋಪ್ಸನು ಇಲಿನಾಯ್ ವಿಶ್ವವಿದ್ಯಾನಿಲಯಕ್ಕೆ ಸೇರಿದನಾದರೂ ಅನಾರೋಗ್ಯದಿಂದ ಅಲ್ಲಿ ನಿಲ್ಲಲಾಗಲಿಲ್ಲ. ಕೊನೆಗೆ ಕೆಂಟಕಿ ವಿಶ್ವವಿದ್ಯಾನಿಲಯದಲ್ಲಿ ಓದಿ 1924ರಲ್ಲಿ ಪದವೀಧರನಾದನು. ಮುಖ್ಯವಾಗಿ ಓದಿದುದು ಕಾನೂನು, ಜೊತೆಗೆ ಸ್ವಲ್ಪ ಭೂಶಾಸ್ತ್ರ. ಇನ್ನೂ ಓದುವ ಆಸೆಯಿತ್ತು, ಕೈಯಲ್ಲಿ ಹಣವಿರಲಿಲ್ಲ. ಒಂದೆರಡು ವರ್ಷ ಉಪಾಧ್ಯಾಯನಾಗಿದ್ದು ನಾಲ್ಕು ಕಾಸು ಕೂಡಿಸಿಕೊಳ್ಳೋಣವೆಂದು ಕೆಲಸ ಹುಡುಕುತ್ತಿದ್ದಾಗ ಡೇಟನ್ ಊರಿನಿಂದ ಕರೆ ಬಂದಿತು.

ಪಾಠಶಾಲೆ ಮತ್ತು ಆಟದ ಬಯಲು

ಡೇಟನ್ನಿನಲ್ಲಿ ಆಗ ಸುಮಾರು 1,800 ಜನರಿದ್ದರು. ಒಂದು ಕಾಲಕ್ಕೆ ಕಲ್ಲಿದ್ದಲು, ಕಬ್ಬಿಣದ ಕುಲುಮೆಗಳಿಂದ ಬೆಳಗಿದ ಊರು. ಕುಲುಮೆಗಳು ಆರಿದ ಮೇಲೆ ಕಳೆಗುಂದಿತ್ತು. ಅಲ್ಲಿಯ ಹೈಸ್ಕೂಲಿಗೆ ಫುಟ್‌ಬಾಲ್ ತಂಡವನ್ನು ತರಬೇತು ಮಾಡುವವನೊಬ್ಬನು ಬೇಕಾಗಿದ್ದನು. ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಾವು ಬಲ್ಲ ಕಾಲ್ಚೆಂಡಿನಾಟವಲ್ಲ. ಅದರಲ್ಲಿ ಚೆಂಡನ್ನು ಎದೆಗವಚಿಕೊಂಡು ಓಡುವುದೂ ಎದುರಾಳಿಯನ್ನು ನೆಲಕ್ಕುರುಳಿಸುವುದೂ ಹೆಚ್ಚು. ನಮ್ಮ ಊರುಗಳಲ್ಲಿ ಲೆಕ್ಕದ ಮೇಷ್ಟರೇ ಸಂಜೆ ಸೀಟಿ ಹಿಡಿದು ಆಟದ ಬಯಲಿಗೆ ಇಳಿಯುತ್ತಿದ್ದುದನ್ನು ಕಂಡ ವಾಚಕರಿಗೆ ಸ್ಕೋಪ್ಸನ ಉದ್ಯೋಗವನ್ನು ವಿವರಿಸಬೇಕಾಗಿಲ್ಲ. ಹಗಲು ಗಣಿತ, ಭೌತಶಾಸ್ತ್ರ ಮೊದಲಾದ ಪಾಠಗಳು; ಸಂಜೆ ಆಟ.

ಮಾಸಲು ಕೆಂಪು ಬಣ್ಣದ ಕೂದಲು, ಮುಖದ ತುಂಬ ಮಚ್ಚೆ, ಕನ್ನಡಕ, ನಾಚಿಕೆಯ ನಗೆ—ನೋಡಿದರೆ ವಿದ್ಯಾರ್ಥಿಗಳಿಗೂ ಉಪಾಧ್ಯಾಯನಿಗೂ ವ್ಯತ್ಯಾಸ ತೋರುತ್ತಿರಲಿಲ್ಲ. ಹುಡುಗರಿಗೆ ಆತನು ಅಚ್ಚುಮೆಚ್ಚಾದನು. ಭಾನುವಾರ ಚರ್ಚಿಗೆ ಹೋಗುತ್ತಿದ್ದನು, ಸಿಗರೇಟು ಸೇದುತ್ತಿದ್ದನು, ಕುಣಿತದ ಕೂಟಗಳಿಗೂ ಹೋಗುತ್ತಿದ್ದನು. ಕಟ್ಟುನಿಟ್ಟಿನ ಹಿರಿಯರಿಗೆ ಇವು ಸರಿದೋರದಿದ್ದರೂ ಊರು ಆತನನ್ನು ತನ್ನವನೆಂದೇ ತಿಳಿದಿತ್ತು. ಡೇಟನ್ನಿನ ಒಂದು ವರ್ಷವು ಹೀಗೆ ಯಾವ ಗದ್ದಲವೂ ಇಲ್ಲದೆ ಕಳೆಯಿತು. ವರ್ಷದ ಕೊನೆಯಲ್ಲಿ, ಜೀವಶಾಸ್ತ್ರವನ್ನು ಕಲಿಸುತ್ತಿದ್ದ ಮುಖ್ಯೋಪಾಧ್ಯಾಯನು ಕಾಯಿಲೆ ಬಿದ್ದುದರಿಂದ, ಎರಡು ವಾರ ಆತನ ತರಗತಿಯನ್ನು ಸ್ಕೋಪ್ಸನು ನೋಡಿಕೊಂಡನು. ಪರೀಕ್ಷೆ ಹತ್ತಿರವಿತ್ತು, ಹಿಂದಿನ ಪಾಠಗಳನ್ನು ಮತ್ತೊಮ್ಮೆ ಓದಿಸಿದನು. ಆ ಎರಡು ವಾರಗಳೇ ಮುಂದೆ ಆತನ ಬಾಳಿನ ದಿಕ್ಕನ್ನು ತಿರುಗಿಸಿದುವು.

ಒಂದು ಶಾಸನ, ಒಂದು ಪ್ರಕಟಣೆ

ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಟೆನೆಸೀ ರಾಜ್ಯವು ಒಂದು ಶಾಸನವನ್ನು ಮಾಡಿತ್ತು. ಜಾನ್ ವಾಷಿಂಗ್‌ಟನ್ ಬಟ್ಲರ್ ಎಂಬ ರೈತ ಶಾಸಕನು ಅದನ್ನು ಮಂಡಿಸಿದ್ದುದರಿಂದ ಅದಕ್ಕೆ ಬಟ್ಲರ್ ಶಾಸನವೆಂದೇ ಹೆಸರಾಯಿತು. ಸರಕಾರದ ಹಣದಿಂದ ನಡೆಯುವ ಯಾವ ಶಾಲೆಯಲ್ಲಿಯಾಗಲಿ ವಿಶ್ವವಿದ್ಯಾನಿಲಯದಲ್ಲಿಯಾಗಲಿ, ಬೈಬಲ್ಲಿನಲ್ಲಿ ಹೇಳಿರುವ ಮನುಷ್ಯಸೃಷ್ಟಿಯ ಕಥೆಯನ್ನು ಅಲ್ಲಗಳೆದು, ಮನುಷ್ಯನು ಕೆಳವರ್ಗದ ಪ್ರಾಣಿಗಳಿಂದ ಬಂದವನೆಂದು ಕಲಿಸುವುದು ಅಪರಾಧ. ತಪ್ಪಿದವರಿಗೆ 100ರಿಂದ 500 ಡಾಲರುಗಳವರೆಗೆ ಜುಲ್ಮಾನೆ. ಕೆಳಮನೆಯಲ್ಲಿ 71 ಮಂದಿ ಪರವಾಗಿಯೂ ಐವರು ವಿರೋಧವಾಗಿಯೂ ಮತ ನೀಡಿದ್ದರು. ಗವರ್ನರನು ಅಂಕಿತ ಹಾಕಿದನು. ಸೋಜಿಗವೆಂದರೆ, ಅದೇ ಸರಕಾರವು ಹೈಸ್ಕೂಲುಗಳಿಗೆ ಗೊತ್ತುಮಾಡಿದ್ದ ಜೀವಶಾಸ್ತ್ರದ ಪಠ್ಯಪುಸ್ತಕದಲ್ಲಿಯೇ ವಿಕಾಸವಾದದ ವಿವರಣೆಯಿತ್ತು. ಪುಸ್ತಕವನ್ನು ಕಲಿಸದಿದ್ದರೆ ಕರ್ತವ್ಯಲೋಪ, ಕಲಿಸಿದರೆ ಕಾನೂನುಭಂಗ. ಉಪಾಧ್ಯಾಯನ ಸ್ಥಿತಿ ಅಡಕತ್ತರಿಯಲ್ಲಿ ಸಿಕ್ಕಿದಂತಾಗಿತ್ತು.

ನ್ಯೂಯಾರ್ಕಿನ ಅಮೆರಿಕದ ಪೌರಸ್ವಾತಂತ್ರ್ಯ ಸಂಘವು ಈ ಶಾಸನವನ್ನು ನ್ಯಾಯಾಲಯದಲ್ಲಿ ಪರೀಕ್ಷೆಗೆ ಒಡ್ಡಲು ಸಂಕಲ್ಪಿಸಿ, ಮುಂದೆ ಬರುವ ಉಪಾಧ್ಯಾಯನಿಗೆ ತಾನು ಬೆಂಬಲ ನೀಡುವುದಾಗಿ ಪ್ರಕಟಿಸಿತು. ಮೇ 4ರಂದು ಈ ಸುದ್ದಿಯನ್ನು ಚಟನೂಗ ನಗರದ ಪತ್ರಿಕೆಯಲ್ಲಿ ಓದಿದವರಲ್ಲಿ ಜಾರ್ಜ್ ರ್ಯಾಪಲೇಯ ಎಂಬುವನೊಬ್ಬನು. ಡೇಟನ್ನಿನ ಹಳೆಯ ಗಣಿ ಕಂಪೆನಿಯ ಆಸ್ತಿಯನ್ನು ನೋಡಿಕೊಳ್ಳುತ್ತಿದ್ದ ಎಂಜಿನಿಯರು. ಶಾಸನವು ಆತನಿಗೆ ಸರಿಬೀಳಲಿಲ್ಲ. ಅಲ್ಲದೆ, ಇಂತಹ ಮೊಕದ್ದಮೆಯೊಂದು ಡೇಟನ್ನಿನಲ್ಲಿ ನಡೆದರೆ ಮಂಕಾದ ಊರಿಗೆ ಮತ್ತೆ ಹೆಸರು ಬಂದೀತೆಂಬ ಯೋಚನೆ ಹೊಳೆಯಿತು. ಔಷಧದ ಅಂಗಡಿಯ ರಾಬಿನ್ಸನ್ ಶಾಲಾ ಮಂಡಲಿಯ ಅಧ್ಯಕ್ಷನೂ ಆಗಿದ್ದನು. ಶಾಲೆಗಳ ಮೇಲ್ವಿಚಾರಕನೂ ಕೆಲವು ವಕೀಲರೂ ಕೂಡಿಕೊಂಡರು. ವಕೀಲರಲ್ಲಿ ಒಬ್ಬನ ಹೆಸರು ಸ್ಯೂ ಹಿಕ್ಸ್. ತನ್ನನ್ನು ಹೆತ್ತು ತೀರಿಕೊಂಡ ತಾಯಿಯ ಹೆಸರನ್ನು ಹೊತ್ತ ಗಂಡಸು ಅವನು, ಸ್ಕೋಪ್ಸನ ಗೆಳೆಯ. ಆ ಗೆಳೆಯನೇ ಸರಕಾರದ ಪರವಾಗಿ ನಿಲ್ಲುವುದೆಂದೂ ನಿಶ್ಚಯವಾಯಿತು.

ಇನ್ನು ಬೇಕಾದವನು ಆಪಾದಿತ. ಜೀವಶಾಸ್ತ್ರದ ನಿಜವಾದ ಉಪಾಧ್ಯಾಯನಾದ ಮುಖ್ಯೋಪಾಧ್ಯಾಯನು ಸಂಸಾರವಂದಿಗ, ಅವನು ಒಪ್ಪಲಿಲ್ಲ. ಆಗ ಎಲ್ಲರ ಗಮನ ಸ್ಕೋಪ್ಸನ ಕಡೆಗೆ ಹೊರಳಿತು. ಅವನು ಬ್ರಹ್ಮಚಾರಿ, ಊರಿನಲ್ಲಿ ಹೊಲಮನೆಯಿಲ್ಲದವನು, ಕಳೆದುಕೊಳ್ಳಲು ಹೆಚ್ಚೇನೂ ಇಲ್ಲದವನು. ವಿಕಾಸವಾದವನ್ನು ಬಿಟ್ಟು ಜೀವಶಾಸ್ತ್ರವನ್ನು ಕಲಿಸಲು ಸಾಧ್ಯವೇ ಎಂದು ಅಂಗಡಿಯಲ್ಲಿ ಕುಳಿತವರು ಕೇಳಿದರು. ಸಾಧ್ಯವಿಲ್ಲವೆಂದು ಆತನು ಹೇಳಿದನು. ಆ ಅಂಗಡಿಯಲ್ಲಿಯೇ ಪಠ್ಯಪುಸ್ತಕಗಳನ್ನೂ ಮಾರುತ್ತಿದ್ದುದರಿಂದ, ಕಪಾಟಿನಿಂದ ಪುಸ್ತಕವನ್ನು ತೆಗೆದು ಸಂಬಂಧಪಟ್ಟ ಪುಟಗಳನ್ನು ತೋರಿಸಿದನು. ಹಾಗಾದರೆ ಮೊಕದ್ದಮೆಗೆ ಹೆಸರು ಕೊಡುವೆಯಾ ಎಂದರು. ಆತನು ಒಪ್ಪಿದನು.

ಈ ಒಪ್ಪಿಗೆಯಲ್ಲಿ ವೀರಾವೇಶವೇನೂ ಇರಲಿಲ್ಲ. ಊರಿನ ವ್ಯಾಪಾರದ ಲೆಕ್ಕಾಚಾರ ಅದರಲ್ಲಿ ಬೆರೆತಿತ್ತು. ಗೆಳೆಯರ ದಾಕ್ಷಿಣ್ಯವೂ ಇತ್ತು. ಆದರೆ ತಂದೆಯ ಮನೆಯಲ್ಲಿ ಬೆಳೆದು ಬಂದ ಒಂದು ಭಾವನೆಯೂ ಅದರಲ್ಲಿತ್ತು: ಉಪಾಧ್ಯಾಯನು ತಿಳಿದುದನ್ನು ಮುಚ್ಚಿಡಬೇಕೆಂದು ಹೇಳುವ ಕಾನೂನು ಒಳ್ಳೆಯ ಕಾನೂನಲ್ಲ ಎಂಬ ಭಾವನೆ. ಮೇ 25ರಂದು ಆತನ ಮೇಲೆ ದೋಷಾರೋಪಣೆಯಾಯಿತು. ತನ್ನ ವಿರುದ್ಧ ಸಾಕ್ಷಿ ಹೇಳಬೇಕಾದ ಹುಡುಗರು ಹಿಂಜರಿದಾಗ, ಹೋಗಿ ಹೇಳಿರೆಂದು ಅವರನ್ನು ಹುರಿದುಂಬಿಸಿದವನೂ, ಏನು ಹೇಳಬೇಕೆಂದು ತಿದ್ದಿದವನೂ ಸ್ಕೋಪ್ಸನೇ. ತರಬೇತುದಾರನು ತನ್ನ ಹುಡುಗರನ್ನು ಈ ಸಲ ತನ್ನ ಮೇಲೆಯೇ ಆಡಲು ಸಜ್ಜುಗೊಳಿಸಿದಂತಾಯಿತು.

ಎರಡು ಬೆಟ್ಟಗಳ ನಡುವೆ

ಸರಕಾರದ ಪರವಾಗಿ ವಾದಿಸಲು ಬ್ರಯನ್ನನೇ ಬರುವನೆಂಬ ಸುದ್ದಿ ಹರಡಿದೊಡನೆ ಸಣ್ಣ ಊರಿನ ಮೊಕದ್ದಮೆ ರಾಷ್ಟ್ರದ ಮೊಕದ್ದಮೆಯಾಯಿತು. ಆತನಿಗೆ ಎದುರಾಗಿ ಶಿಕಾಗೋ ನಗರದ ಪ್ರಖ್ಯಾತ ವಕೀಲ ಕ್ಲಾರೆನ್ಸ್ ಡ್ಯಾರೋ ತಾನಾಗಿ ಮುಂದೆ ಬಂದನು. ನಾಸ್ತಿಕನೆಂದು ಹೆಸರಾದ ಡ್ಯಾರೋ ಬಂದರೆ ಮೊಕದ್ದಮೆಯು ಧರ್ಮಯುದ್ಧವಾಗಿಬಿಟ್ಟೀತೆಂದು ಪೌರಸ್ವಾತಂತ್ರ್ಯ ಸಂಘದ ಹಲವರಿಗೆ ಅಳುಕು. ನ್ಯೂಯಾರ್ಕಿನಲ್ಲಿ ಈ ಚರ್ಚೆ ನಡೆದಾಗ ಸ್ಕೋಪ್ಸನು ತನಗೆ ಡ್ಯಾರೋನೇ ಬೇಕೆಂದು ಪಟ್ಟು ಹಿಡಿದನು. ಹೇಗೂ ಜಗಳ ಒರಟಾಗಿಯೇ ನಡೆಯುವುದು, ಅದಕ್ಕೆ ತಕ್ಕವನು ಇವನೇ ಎಂಬುದು ಆತನ ಎಣಿಕೆ. ಇಡೀ ಮೊಕದ್ದಮೆಯಲ್ಲಿ ಸ್ಕೋಪ್ಸನು ತನ್ನ ಇಚ್ಛೆಯನ್ನು ಬಲವಾಗಿ ನಡೆಸಿದ ಸಂದರ್ಭಗಳಲ್ಲಿ ಇದು ಮುಖ್ಯವಾದುದು.

ಬ್ರಯನ್ನನ ವಿಷಯದಲ್ಲಿ ಒಂದು ಮಾತು ಹೇಳಬೇಕು. ಆತನನ್ನು ಬರಿಯ ಮೂಢನೆಂದು ಚಿತ್ರಿಸುವುದು ವಾಡಿಕೆ, ಅದು ನ್ಯಾಯವಲ್ಲ. ಬಡವರ ಪರವಾಗಿ, ಹೆಂಗಸರ ಮತದಾನದ ಹಕ್ಕಿಗಾಗಿ ಹೋರಾಡಿದವನು. ವಿದೇಶಾಂಗ ಸಚಿವನಾಗಿದ್ದಾಗ, ದೇಶವು ಯುದ್ಧದ ಕಡೆಗೆ ವಾಲುತ್ತಿದೆಯೆಂದು 1915ರಲ್ಲಿ ಪದವಿಯನ್ನು ಬಿಟ್ಟವನು. ಬಲಿಷ್ಠನೇ ಉಳಿಯುವನೆಂಬ ಬೋಧನೆ ಮನುಷ್ಯರನ್ನು ಕ್ರೂರಿಗಳನ್ನಾಗಿ ಮಾಡುವುದೆಂಬ ಭಯ ಆತನನ್ನು ಕಾಡುತ್ತಿತ್ತು. ಡೇಟನ್ನಿನ ಪಠ್ಯಪುಸ್ತಕವನ್ನು ಇಂದು ತೆರೆದು ನೋಡಿದರೆ, ವಿಕಾಸವಾದದ ಜೊತೆಗೆ ಜನಾಂಗಗಳಲ್ಲಿ ಮೇಲುಕೀಳನ್ನು ಎಣಿಸುವ ಮಾತುಗಳೂ ಕಾಣುವುವು. ಭಯಕ್ಕೆ ಕಾರಣವಿರಲಿಲ್ಲವೆಂದು ಹೇಳುವಂತಿಲ್ಲ. ಆದರೆ ಭಯಕ್ಕೆ ಮದ್ದು ವಿಚಾರವೇ ಹೊರತು ನಿಷೇಧವಲ್ಲ. ಇನ್ನೊಂದು ವಾದವನ್ನೂ ಬ್ರಯನ್ ಮುಂದಿಟ್ಟನು: ತೆರಿಗೆ ಕೊಡುವ ಜನರೇ ಶಾಲೆಯ ಒಡೆಯರು, ಏನನ್ನು ಕಲಿಸಬೇಕೆಂದು ನಿರ್ಣಯಿಸುವವರು ಅವರೇ. ಬಹುಮತದಿಂದ ರಸ್ತೆ ಹಾಕಿಸಬಹುದು, ಸುಂಕ ವಿಧಿಸಬಹುದು. ಸೃಷ್ಟಿಯ ಸತ್ಯವನ್ನು ಬಹುಮತದಿಂದ ತೀರ್ಮಾನಿಸಬಹುದೇ? ಮೊಕದ್ದಮೆಯ ಹೃದಯದಲ್ಲಿದ್ದುದು ಈ ಪ್ರಶ್ನೆ.

ವಿಚಾರಣೆಗೆ ಮುನ್ನ ಊರಿನವರು ಬ್ರಯನ್ನನಿಗೆ ಔತಣವೊಂದನ್ನು ಏರ್ಪಡಿಸಿದರು. ಸ್ಕೋಪ್ಸನಿಗೂ ಕರೆಯಿತ್ತು. ಬ್ರಯನ್ನನು ಆತನ ಮುಖವನ್ನು ನೋಡಿ, ಸೇಲಂ ಊರಿನಲ್ಲಿ ತನ್ನ ಭಾಷಣದ ನಡುವೆ ನಕ್ಕ ಹುಡುಗರಲ್ಲಿ ಒಬ್ಬನೆಂದು ಗುರುತು ಹಿಡಿದನಂತೆ. ಇಬ್ಬರೂ ಸ್ನೇಹದಿಂದಲೇ ಊಟ ಮಾಡಿದರು.

ಹನ್ನೆರಡು ದಿನಗಳು

ವಿಚಾರಣೆ ಜುಲೈ 10ರಂದು ಆರಂಭವಾಗಿ 21ರಂದು ಮುಗಿಯಿತು. ಸುಡುವ ಬಿಸಿಲು, ಊರಿನ ಬೀದಿಗಳಲ್ಲಿ ಜಾತ್ರೆ. ನೂರಕ್ಕಿಂತ ಹೆಚ್ಚು ಬಾತ್ಮೀದಾರರು ಬಂದಿಳಿದರು. ಶಿಕಾಗೋ ನಗರದ ರೇಡಿಯೋ ಕೇಂದ್ರವು ನ್ಯಾಯಾಲಯದಲ್ಲಿ ಮೈಕುಗಳನ್ನು ನಿಲ್ಲಿಸಿ ಕಲಾಪವನ್ನು ನೇರವಾಗಿ ಪ್ರಸಾರ ಮಾಡಿತು. ಅಮೆರಿಕದ ಮೊಕದ್ದಮೆಯೊಂದು ಹೀಗೆ ಮನೆಮನೆಗೆ ಕೇಳಿಸಿದುದು ಅದೇ ಮೊದಲು. ಉಪದೇಶಿಗಳು ಬೀದಿಯಲ್ಲಿ ಬೋಧಿಸಿದರು. ತಿಂಡಿ ತೀರ್ಥದ ಅಂಗಡಿಗಳೆದ್ದುವು. ಅಂಗಿ ಷರಾಯಿ ತೊಡಿಸಿದ ಚಿಂಪಾಂಜಿಯೊಂದನ್ನೂ ತಂದು ಪ್ರದರ್ಶಿಸಿದರು. ಕೋತಿಯ ಮೊಕದ್ದಮೆಯೆಂಬ ಹಾಸ್ಯದ ಹೆಸರು ಹೀಗೆ ಗಟ್ಟಿಯಾಗಿ ಅಂಟಿಕೊಂಡಿತು.

ಈ ಎಲ್ಲ ಸಂಭ್ರಮದ ನಡುವೆ, ಯಾರಿಗಾಗಿ ಇದು ನಡೆಯುತ್ತಿದೆಯೋ ಅವನು ಅಂಗಿಯ ತೋಳು ಮಡಿಸಿಕೊಂಡು ಒಂದು ಮೂಲೆಯಲ್ಲಿ ಮೌನವಾಗಿ ಕುಳಿತಿದ್ದನು. ಪಡೂಕದಿಂದ ಬಂದ ಆತನ ತಂದೆಯೂ ನ್ಯಾಯಾಲಯದಲ್ಲಿದ್ದು ನೋಡಿದನು. ಹದಿನಾಲ್ಕು ವರ್ಷದ ಹುಡುಗನೊಬ್ಬನು ಸಾಕ್ಷಿಕಟ್ಟೆಯನ್ನೇರಿ, ಭೂಮಿ ಹೇಗೆ ಬೆಂಕಿಯ ಉಂಡೆಯಾಗಿದ್ದು ತಣಿಯಿತೆಂದೂ ಕಡಲಿನಲ್ಲಿ ಮೊದಲ ಜೀವ ಹೇಗೆ ಮೂಡಿತೆಂದೂ ಮೇಷ್ಟರು ಕಲಿಸಿದುದಾಗಿ ಹೇಳಿದನು. ಆ ಪಾಠದಿಂದ ತನಗೇನೂ ಕೆಡುಕಾಗಲಿಲ್ಲವೆಂಬುದನ್ನೂ ಡ್ಯಾರೋನ ಪ್ರಶ್ನೆಗೆ ಉತ್ತರವಾಗಿ ಒಪ್ಪಿಕೊಂಡನು. ಸ್ಕೋಪ್ಸನನ್ನು ಮಾತ್ರ ಅವನ ವಕೀಲರು ಸಾಕ್ಷಿಕಟ್ಟೆಗೆ ಕರೆಯಲಿಲ್ಲ. ಕರೆದಿದ್ದರೆ, ಆತನು ಜೀವಶಾಸ್ತ್ರದ ಉಪಾಧ್ಯಾಯನೇ ಅಲ್ಲವೆಂಬುದೂ, ಆ ಪುಟಗಳನ್ನು ಕಲಿಸಿದ ನೆನಪು ಆತನಿಗಿಲ್ಲವೆಂಬುದೂ ಬಯಲಾಗಿ ಮೊಕದ್ದಮೆಯೇ ಕುಸಿಯುತ್ತಿತ್ತು. ವಿಚಾರಣೆಯ ಕಾಲದಲ್ಲಿಯೇ ಆತನು ಬಾತ್ಮೀದಾರನೊಬ್ಬನ ಕಿವಿಯಲ್ಲಿ ಈ ಗುಟ್ಟನ್ನು ಹೇಳಿದ್ದನು.

ವಿಕಾಸವಾದವು ಧರ್ಮಕ್ಕೆ ವಿರುದ್ಧವಲ್ಲವೆಂದು ಹೇಳಲು ದೇಶದ ನಾನಾ ಕಡೆಗಳಿಂದ ವಿಜ್ಞಾನಿಗಳು ಬಂದಿದ್ದರು. ನ್ಯಾಯಾಧೀಶ ರಾಲ್‌ಸ್ಟನ್ ಅವರ ಸಾಕ್ಷ್ಯವನ್ನು ಜ್ಯೂರಿಯ ಮುಂದೆ ಹೇಳಗೊಡಲಿಲ್ಲ. ಇನ್ನೇನು ಎಲ್ಲವೂ ಮುಗಿಯಿತೆಂದು ಹಲವು ಬಾತ್ಮೀದಾರರು ಊರು ಬಿಟ್ಟರು. ಆದರೆ ಜುಲೈ 20ರ ಮಧ್ಯಾಹ್ನ, ಜನರ ಭಾರಕ್ಕೆ ಮಹಡಿ ಕುಸಿದೀತೆಂದು ಕಲಾಪವನ್ನು ಹೊರಗಿನ ಹುಲ್ಲುಹಾಸಿನ ಮೇಲೆ ನಡೆಸಿದಾಗ, ಯಾರೂ ನಿರೀಕ್ಷಿಸದುದು ನಡೆಯಿತು. ಪ್ರತಿಪಕ್ಷದವರು ಬ್ರಯನ್ನನನ್ನೇ ಬೈಬಲ್ಲಿನ ಪಂಡಿತನೆಂದು ಸಾಕ್ಷಿಗೆ ಕರೆದರು, ಆತನು ಬಂದನು. ಯೋನನನ್ನು ನುಂಗಿದ ಮೀನು, ಯೆಹೋಶುವನ ಮಾತಿಗೆ ನಿಂತ ಸೂರ್ಯ, ಭೂಮಿಯ ವಯಸ್ಸು—ಹೀಗೆ ಸುಮಾರು ಎರಡು ಗಂಟೆಗಳ ಕಾಲ ಡ್ಯಾರೋ ಪ್ರಶ್ನೆಗಳ ಮಳೆಗರೆದನು. ಸೃಷ್ಟಿಯ ಆರು ದಿನಗಳು ನಮ್ಮ ಇಪ್ಪತ್ತನಾಲ್ಕು ಗಂಟೆಗಳ ದಿನಗಳೇ ಆಗಿರಬೇಕಾಗಿಲ್ಲವೆಂದು ಬ್ರಯನ್ನನು ಒಪ್ಪಬೇಕಾಯಿತು. ಮರಗಳ ನೆರಳಿನಲ್ಲಿ ಇಬ್ಬರು ಮುದುಕರು ಮುಷ್ಟಿ ಬಿಗಿದು ನಿಂತಿದ್ದರು. ಮರುದಿನ ನ್ಯಾಯಾಧೀಶನು ಈ ಸಾಕ್ಷ್ಯವನ್ನೆಲ್ಲ ದಾಖಲೆಯಿಂದ ತೆಗೆದುಹಾಕಿದನು.

ಮೇಲಿನ ನ್ಯಾಯಾಲಯಕ್ಕೆ ಅಪೀಲು ಹೋಗಬೇಕಾದರೆ ಇಲ್ಲಿ ಸೋಲಲೇಬೇಕು. ಆದುದರಿಂದ ಡ್ಯಾರೋನೇ ಜ್ಯೂರಿಯವರನ್ನು ಅಪರಾಧಿಯೆಂದು ತೀರ್ಪು ಕೊಡಲು ಕೇಳಿಕೊಂಡನು. ಅವರಿಗೆ ಒಂಬತ್ತು ನಿಮಿಷ ಸಾಕಾಯಿತು. ನ್ಯಾಯಾಧೀಶನು 100 ಡಾಲರು ಜುಲ್ಮಾನೆ ವಿಧಿಸಿದನು. ಆಪಾದಿತನಿಗೆ ಹೇಳುವುದೇನಾದರೂ ಇದೆಯೇ ಎಂದು ಕೇಳುವುದನ್ನೇ ಆತನು ಮರೆತಿದ್ದನು! ವಕೀಲರು ನೆನಪು ಮಾಡಿದ ಮೇಲೆ ಸ್ಕೋಪ್ಸನು ಎದ್ದು ನಿಂತನು. ಆ ಹನ್ನೆರಡು ದಿನಗಳಲ್ಲಿ ಆತನು ನ್ಯಾಯಾಲಯದಲ್ಲಿ ಬಾಯಿ ತೆರೆದುದು ಆಗಲೇ. ತಾನು ಅನ್ಯಾಯವಾದ ಶಾಸನವನ್ನು ಮೀರಿದ್ದಕ್ಕಾಗಿ ಶಿಕ್ಷಿತನಾಗಿರುವುದಾಗಿಯೂ, ಮುಂದೆಯೂ ಅದನ್ನು ವಿರೋಧಿಸುವುದಾಗಿಯೂ, ಹಾಗೆ ಮಾಡದಿದ್ದರೆ ಸತ್ಯವನ್ನು ಕಲಿಸುವ ಸ್ವಾತಂತ್ರ್ಯವೆಂಬ ತನ್ನ ಆದರ್ಶಕ್ಕೆ ದ್ರೋಹವಾಗುವುದೆಂದೂ ನಾಲ್ಕು ಮಾತುಗಳಲ್ಲಿ ಹೇಳಿ ಕುಳಿತುಕೊಂಡನು. ಐದು ದಿನ ಕಳೆದ ಮೇಲೆ, ಜುಲೈ 26ರ ಭಾನುವಾರ, ಬ್ರಯನ್ನನು ಡೇಟನ್ನಿನಲ್ಲಿಯೇ ಮಧ್ಯಾಹ್ನದ ನಿದ್ರೆಯಲ್ಲಿ ತೀರಿಕೊಂಡನು.

ತೆತ್ತ ಬೆಲೆ

ಜುಲ್ಮಾನೆಯ 100 ಡಾಲರು ಸ್ಕೋಪ್ಸನ ಕೈಯಿಂದ ಹೋಗಲಿಲ್ಲ. 1927ರ ಜನವರಿಯಲ್ಲಿ ಟೆನೆಸೀ ರಾಜ್ಯದ ಶ್ರೇಷ್ಠ ನ್ಯಾಯಾಲಯವು ಶಾಸನವು ಸರಿಯಾದುದೆಂದೇ ಹೇಳಿತು. ಆದರೆ 50 ಡಾಲರಿಗೆ ಮೀರಿದ ಜುಲ್ಮಾನೆಯನ್ನು ಜ್ಯೂರಿಯೇ ಗೊತ್ತುಮಾಡಬೇಕಾಗಿದ್ದು, ನ್ಯಾಯಾಧೀಶನು ಗೊತ್ತುಮಾಡಿದುದು ತಪ್ಪೆಂಬ ಸಣ್ಣ ಕಾರಣದಿಂದ ತೀರ್ಪನ್ನು ರದ್ದುಮಾಡಿತು. ಮೊಕದ್ದಮೆಯನ್ನು ಕೈಬಿಡುವಂತೆ ಸೂಚಿಸಿತು. ರಾಷ್ಟ್ರದ ಶ್ರೇಷ್ಠ ನ್ಯಾಯಾಲಯದವರೆಗೆ ಹೋಗಬೇಕೆಂಬ ಹಂಬಲ ಅಲ್ಲಿಗೆ ನಿಂತಿತು. ಶಾಸನವೂ ಉಳಿಯಿತು. ಅದಕ್ಕಿಂತ ಹೆಚ್ಚಾಗಿ, ಪಠ್ಯಪುಸ್ತಕಗಳನ್ನು ಅಚ್ಚು ಹಾಕುವವರು ಅಂಜಿ ವಿಕಾಸವಾದದ ಮಾತನ್ನು ಮೊಟಕು ಮಾಡಿದರು. ಗೆದ್ದವರಾರು, ಸೋತವರಾರು ಎಂಬುದು ಸುಲಭವಾಗಿ ಹೇಳುವ ಮಾತಲ್ಲ.

ನಿಜವಾದ ಬೆಲೆಯನ್ನು ಸ್ಕೋಪ್ಸನು ಬೇರೆ ರೀತಿಯಲ್ಲಿ ತೆತ್ತನು. ಶಾಸನಕ್ಕೆ ವಿಧೇಯನಾಗಿರುವುದಾದರೆ ಮತ್ತೆ ಕೆಲಸ ಕೊಡುವೆವೆಂದು ಶಾಲಾ ಮಂಡಲಿ ಹೇಳಿತು, ಆತನು ಹೋಗಲಿಲ್ಲ. ರಂಗಭೂಮಿಯಲ್ಲಿ ನಿಂತು ಭಾಷಣ ಮಾಡಿದರೆ ರಾಶಿ ಹಣ ಕೊಡುವೆವೆಂದು ಬಂದವರನ್ನು ಹಿಂದಕ್ಕೆ ಕಳುಹಿಸಿದನು. ಆ ಹಣವು ಹೈಸ್ಕೂಲು ಮೇಷ್ಟರ ಹಲವು ವರ್ಷಗಳ ಸಂಬಳಕ್ಕಿಂತ ಹೆಚ್ಚು. ಸಾಕ್ಷಿಗಳಾಗಿ ಬಂದಿದ್ದ ವಿಜ್ಞಾನಿಗಳು ಕೂಡಿ ಹಣವೆತ್ತಿ ಆತನ ಮುಂದಿನ ಓದಿಗೆ ನೆರವಾದರು. ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಭೂಶಾಸ್ತ್ರವನ್ನು ಓದಿದನು. ಅಲ್ಲಿ ಓದನ್ನು ಮುಂದುವರಿಸಲು ಮತ್ತೊಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದಾಗ, ನಾಸ್ತಿಕನಾದ ನೀನು ಬೇರೆಲ್ಲಿಯಾದರೂ ಹೋಗಿ ಆಡಿಕೊ ಎಂಬ ಅರ್ಥದ ಉತ್ತರ ಬಂದಿತು. ಪಡೂಕದಲ್ಲಿ ಉಪಾಧ್ಯಾಯಿನಿಯಾಗಿದ್ದ ಆತನ ಅಕ್ಕನೂ, ತಮ್ಮನ ಅಭಿಪ್ರಾಯಗಳನ್ನು ಖಂಡಿಸಲು ಒಪ್ಪದೆ ತನ್ನ ಕೆಲಸವನ್ನು ಕಳೆದುಕೊಂಡಳು. ಅಂಗಡಿಯಲ್ಲಿ ಆಡಿದ ಒಂದು ಮಾತಿನ ನೆರಳು ಎಷ್ಟು ದೂರ ಚಾಚಿತು ನೋಡಿರಿ. ಕಳೆದುಕೊಳ್ಳಲು ಏನೂ ಇಲ್ಲದವನೆಂದು ಆತನನ್ನು ಆರಿಸಿದ್ದರು. ಆದರೆ ಉಪಾಧ್ಯಾಯನ ಕುರ್ಚಿಯನ್ನು ಆತನು ಎಂದೆಂದಿಗೂ ಕಳೆದುಕೊಂಡನು.

ಎಣ್ಣೆಯ ಕಂಪೆನಿಯೊಂದರ ನೌಕರಿ ಹಿಡಿದು ಸ್ಕೋಪ್ಸನು ದಕ್ಷಿಣ ಅಮೆರಿಕದ ವೆನಿಜ್ವೇಲ ದೇಶಕ್ಕೆ ಹೋದನು. ಅಲ್ಲಿಯೇ ಮದುವೆಯಾಯಿತು. ನಾಸ್ತಿಕನೆಂದು ಹೆಸರಿಟ್ಟವರು ಕೇಳಿದ್ದರೆ ಬೆರಗಾಗುತ್ತಿದ್ದರು: ಆಗ ಆತನು ರೋಮನ್ ಕ್ಯಾಥೊಲಿಕ್ ಪಂಥದ ದೀಕ್ಷೆಯನ್ನೂ ಪಡೆದನು. ಸ್ವದೇಶಕ್ಕೆ ಹಿಂದಿರುಗಿ 1932ರಲ್ಲಿ ಕೆಂಟಕಿಯಿಂದ ಸಮಾಜವಾದಿ ಪಕ್ಷದ ಉಮೇದುವಾರನಾಗಿ ಕಾಂಗ್ರೆಸ್ ಸಭೆಗೆ ನಿಂತು ಸೋತನು. ಆಮೇಲೆ ಅನಿಲ ಕಂಪೆನಿಯೊಂದರಲ್ಲಿ ಭೂಶಾಸ್ತ್ರಜ್ಞನಾಗಿ, ಮೊದಲು ಟೆಕ್ಸಾಸಿನ ಹ್ಯೂಸ್ಟನ್, ಅನಂತರ ಲೂಸಿಯಾನದ ಶ್ರೀವ್‌ಪೋರ್ಟ್ ನಗರದಲ್ಲಿ ನಿವೃತ್ತಿಯವರೆಗೂ ದುಡಿದನು. ಇಬ್ಬರು ಗಂಡುಮಕ್ಕಳು. ಹೆಸರನ್ನು ಮಾರಿಕೊಳ್ಳಲಿಲ್ಲ, ಸಭೆ ಸಮಾರಂಭಗಳನ್ನು ಹುಡುಕಿಕೊಂಡು ಹೋಗಲಿಲ್ಲ.

ಇಳಿವಯಸ್ಸಿನಲ್ಲಿ ಹಳೆಯ ಕಥೆ ಮತ್ತೆ ಆತನ ಬಾಗಿಲಿಗೆ ಬಂದಿತು. 1955ರಲ್ಲಿ ನ್ಯೂಯಾರ್ಕಿನಲ್ಲಿ ಈ ಮೊಕದ್ದಮೆಯ ಆಧಾರದ ಮೇಲೆ ನಾಟಕವೊಂದು ಪ್ರಯೋಗವಾಯಿತು. ಅದು 1960ರಲ್ಲಿ ಚಲನಚಿತ್ರವಾಯಿತು. ನಾಟಕದ ಉಪಾಧ್ಯಾಯನು ಸೆರೆಮನೆಯಲ್ಲಿ ನರಳುತ್ತಾನೆ. ಊರಿನವರು ಆತನನ್ನು ದ್ವೇಷಿಸುತ್ತಾರೆ. ನಿಜದ ಸ್ಕೋಪ್ಸನು ಸೆರೆಮನೆಯನ್ನು ಕಾಣಲಿಲ್ಲ. ಊರಿನವರು ಆತನನ್ನು ಪ್ರೀತಿಯಿಂದಲೇ ನಡೆಸಿಕೊಂಡಿದ್ದರು. ಚಿತ್ರದ ಪ್ರದರ್ಶನ ಡೇಟನ್ನಿನಲ್ಲಿ ನಡೆದಾಗ ಆತನು ಅಲ್ಲಿಗೆ ಹೋದನು. ಊರಿನವರು ಆದರದಿಂದ ಬರಮಾಡಿಕೊಂಡರು. 1967ರಲ್ಲಿ ತನ್ನ ಆತ್ಮಕಥೆಯನ್ನು ಪ್ರಕಟಿಸಿದನು. ಬಿರುಗಾಳಿಯ ನಡುವಣ ಬಿಂದು ಎಂಬರ್ಥದ ಹೆಸರು ಆ ಪುಸ್ತಕಕ್ಕೆ. ಬಿರುಗಾಳಿಯ ನಟ್ಟನಡುವೆ ಗಾಳಿ ಶಾಂತವಾಗಿರುವುದೆಂದು ಬಲ್ಲವರು ಹೇಳುತ್ತಾರೆ. ಆತನ ಸ್ವಭಾವಕ್ಕೆ ಒಪ್ಪುವ ಹೆಸರೇ ಸರಿ. ಆ ಪಾಠವನ್ನು ಹೇಳಿದೆನೋ ಇಲ್ಲವೋ ಎಂಬ ತನ್ನ ಸಂಶಯವನ್ನೂ ಅದರಲ್ಲಿ ಬಚ್ಚಿಡಲಿಲ್ಲ.

ಅದೇ 1967ರಲ್ಲಿ ಟೆನೆಸೀ ರಾಜ್ಯವು ಬಟ್ಲರ್ ಶಾಸನವನ್ನು ರದ್ದುಮಾಡಿತು. ಮರುವರ್ಷ, ಆರ್ಕನ್ಸಾ ರಾಜ್ಯದ ಉಪಾಧ್ಯಾಯಿನಿ ಸೂಸನ್ ಎಪರ್ಸನ್ ಹೂಡಿದ್ದ ಮೊಕದ್ದಮೆಯಲ್ಲಿ, ಇಂತಹ ಶಾಸನಗಳು ರಾಜ್ಯಾಂಗಕ್ಕೆ ವಿರುದ್ಧವೆಂದು ರಾಷ್ಟ್ರದ ಶ್ರೇಷ್ಠ ನ್ಯಾಯಾಲಯವು ತೀರ್ಪಿತ್ತಿತು. ಸ್ಕೋಪ್ಸನು ಇದನ್ನು ಕಣ್ಣಾರೆ ಕಾಣುವವರೆಗೆ ಬದುಕಿದನು. 1970ನೆಯ ಇಸವಿ ಅಕ್ಟೋಬರ್ 21ರಂದು, ಎಪ್ಪತ್ತನೆಯ ವಯಸ್ಸಿನಲ್ಲಿ, ಶ್ರೀವ್‌ಪೋರ್ಟಿನಲ್ಲಿ ತೀರಿಕೊಂಡನು. ಆತನ ದೇಹವು ಹುಟ್ಟೂರಾದ ಪಡೂಕದ ಮಣ್ಣಿನಲ್ಲಿ ಸೇರಿದೆ.

ಆತನು ಪಾಠ ಹೇಳಿರಲೇ ಇಲ್ಲವೆಂದಾದರೆ, ಇಡೀ ಮೊಕದ್ದಮೆಯೇ ಒಂದು ಸುಳ್ಳಿನ ಮೇಲೆ ನಿಂತಿತ್ತಲ್ಲವೇ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ಸಾಧುವಾದುದೇ. ಹುಡುಗರ ಬಾಯಲ್ಲಿ ಮಾತನ್ನು ಇಟ್ಟುದು ಉಪಾಧ್ಯಾಯನಿಗೆ ಭೂಷಣವಲ್ಲ; ಆ ಕಲೆಯನ್ನು ತೊಳೆಯಲು ನಾವು ಹವಣಿಸಬೇಕಾಗಿಲ್ಲ. ಆದರೆ ಟೆನೆಸೀ ರಾಜ್ಯದಲ್ಲಿ ಆ ಪಠ್ಯಪುಸ್ತಕವನ್ನು ಕೈಯಲ್ಲಿ ಹಿಡಿದ ಪ್ರತಿಯೊಬ್ಬ ಉಪಾಧ್ಯಾಯನೂ ಆ ಶಾಸನದ ಮುಂದೆ ಅಪರಾಧಿಯೇ ಆಗಿದ್ದನು. ಅವರೆಲ್ಲರ ಪರವಾಗಿ ಒಬ್ಬನು ಎದ್ದು ನಿಲ್ಲಬೇಕಾಗಿತ್ತು. ಸ್ಕೋಪ್ಸನು ತನ್ನ ಹೆಸರನ್ನು ಕೊಟ್ಟನು. ಒಮ್ಮೆ ಕೊಟ್ಟ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅದರಿಂದ ಲಾಭವನ್ನೂ ಪಡೆಯಲಿಲ್ಲ. ಆತನ ಧೈರ್ಯ ಇಷ್ಟರಲ್ಲಿದೆ.

ಡೇಟನ್ನಿನ ಹಳೆಯ ನ್ಯಾಯಾಲಯದ ಕಟ್ಟಡ ಈಗಲೂ ನಿಂತಿದೆ. ಅದರ ಮುಂದಿನ ಹುಲ್ಲುಹಾಸಿನ ಮೇಲೆ 2005ರಲ್ಲಿ ಬ್ರಯನ್ನನ ವಿಗ್ರಹವನ್ನೂ 2017ರಲ್ಲಿ ಡ್ಯಾರೋನ ವಿಗ್ರಹವನ್ನೂ ನಿಲ್ಲಿಸಿದ್ದಾರೆ. ಇಬ್ಬರೂ ಮಾತಿನ ಮಲ್ಲರು, ವಿಗ್ರಹಕ್ಕೆ ತಕ್ಕವರು. ಅವರಿಬ್ಬರ ನಡುವೆ ತೋಳು ಮಡಿಸಿದ ಅಂಗಿಯಲ್ಲಿ ಸುಮ್ಮನೆ ಕುಳಿತಿದ್ದ ತರುಣ ಮೇಷ್ಟರನ್ನು ಕಾಣಬೇಕಾದರೆ, ಯಾವುದಾದರೂ ಊರಿನ ಹೈಸ್ಕೂಲಿಗೆ ಹೋಗಬೇಕು. ಅಲ್ಲಿ ಉಪಾಧ್ಯಾಯನೊಬ್ಬನು ಪುಸ್ತಕದ ಆ ಪುಟವನ್ನು ತೆರೆದು, ಬಾಗಿಲ ಕಡೆ ನೋಡದೆ, ಹುಡುಗರಿಗೆ ಓದಿ ಹೇಳುತ್ತಿರುತ್ತಾನೆ.